ಮಕ್ಕಳಿಗೆ ಹಣದ ಪಾಠ: ಮನೆಗೆಲಸ, ಕೈಖರ್ಚು, ಉಳಿತಾಯ

ಹಣ ಗಳಿಸುವ ವಿದ್ಯೆಯನ್ನು ಕಲಿಸಲು ಶಾಲೆ ಕಾಲೇಜುಗಳಿವೆ. ಗಳಿಸಿದ್ದನ್ನು ಬಳಸುವ ವಿದ್ಯೆಯನ್ನು ಕಲಿಸುವ ಹೊಣೆ ಮಾತ್ರ ಬಹುಮಟ್ಟಿಗೆ ಮನೆಯ ಮೇಲೆಯೇ ಬಿದ್ದಿದೆ. ಶಾಲೆಯಲ್ಲಿ ಬಡ್ಡಿಯ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿ ಪೂರ್ಣ ಅಂಕ ಪಡೆದ ಹುಡುಗನೇ ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಡ್ಡಿಯ ದರವನ್ನು ಓದಿ ನೋಡದೆ ಸಾಲಪತ್ರಕ್ಕೆ ಸಹಿ ಹಾಕುವುದು ಅಪರೂಪದ ಸಂಗತಿಯೇನಲ್ಲ. ಲೆಕ್ಕ ಬಲ್ಲವರೆಲ್ಲರೂ ಹಣದ ವ್ಯವಹಾರ ಬಲ್ಲವರಾಗಿರುವುದಿಲ್ಲ. ಎರಡನೆಯದು ಅಭ್ಯಾಸದಿಂದ ಬರತಕ್ಕದ್ದು, ಮತ್ತು ಅಭ್ಯಾಸವು ಎಳೆಯ ವಯಸ್ಸಿನಲ್ಲಿ ಆರಂಭವಾದಷ್ಟೂ ಒಳ್ಳೆಯದು.

ಈ ಪಾಠದ ಉದಾಹರಣೆಗಳನ್ನು ಆಂಧ್ರಪ್ರದೇಶದ ಎರಡು ದೊಡ್ಡ ನಗರಗಳಾದ ವಿಶಾಖಪಟ್ಟಣ ಮತ್ತು ವಿಜಯವಾಡಗಳಿಂದ ಆರಿಸಿಕೊಳ್ಳಲಾಗಿದೆ. ಸುಮಾರು 350 ಕಿಲೋಮೀಟರ್ ಅಂತರದಲ್ಲಿರುವ ಈ ನಗರಗಳಲ್ಲಿ ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆ ಹಾಗೂ ಬ್ಯಾಂಕುಗಳ ನೌಕರಿಗಾಗಿ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿವೆ. ಹೋಟೆಲು ವ್ಯವಹಾರಕ್ಕಾಗಿ ಕರಾವಳಿಯಿಂದ ಹೋದವರೂ ಇದ್ದಾರೆ. ಅಜ್ಜಅಜ್ಜಿಯರ ಊರಿನಿಂದ ದೂರವಿರುವ ಇಂತಹ ಮನೆಗಳಲ್ಲಿ ಮಕ್ಕಳಿಗೆ ವ್ಯವಹಾರಜ್ಞಾನವನ್ನು ಕಲಿಸುವವರು ತಂದೆತಾಯಿಗಳಿಬ್ಬರೇ. ಉಳಿತಾಯದ ಒಳ್ಳೆಯ ಪರಂಪರೆಯನ್ನೂ, ಹಣದ ಅಜ್ಞಾನದಿಂದ ಸಾವಿರಾರು ಸಂಸಾರಗಳು ಕೆಟ್ಟ ಪ್ರಸಂಗಗಳನ್ನೂ ಈ ಪ್ರದೇಶವು ಕಂಡಿದೆ ಎಂಬುದು ಈ ಆಯ್ಕೆಗೆ ಇನ್ನೊಂದು ಕಾರಣ.

ಹಬ್ಬದ ಕಾಸು

ಮಗುವಿನ ಕೈಗೆ ಮೊದಲು ಬರುವ ಹಣ ಸಾಮಾನ್ಯವಾಗಿ ಹಬ್ಬದ ಹಣವೇ. ಆಂಧ್ರದಲ್ಲಿ ಭೋಗಿಯ ದಿನ ಚಿಕ್ಕ ಮಕ್ಕಳನ್ನು ಕೂರಿಸಿ, ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ತುಂಡು, ಹೂವಿನ ಎಸಳುಗಳ ಜೊತೆಗೆ ಚಿಲ್ಲರೆ ನಾಣ್ಯಗಳನ್ನು ಸುರಿಯುತ್ತಾರೆ. ಕರ್ನಾಟಕದಲ್ಲಿಯೂ ಸಂಕ್ರಾಂತಿಯಂದು ಎಲಚಿಹಣ್ಣು ಎರೆಯುವ ಪದ್ಧತಿಯಿರುವುದರಿಂದ ಅಲ್ಲಿಗೆ ಹೋದ ಕನ್ನಡಿಗರಿಗೆ ಇದು ಹೊಸದೆನಿಸುವುದಿಲ್ಲ. ಉರುಳಿ ಹೋದ ನಾಣ್ಯಗಳನ್ನು ನೆರೆಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುವುದೇ ಆ ಹೊತ್ತಿನ ಸಂಭ್ರಮ. ಹಿಂದೆ ದಸರೆಯಲ್ಲಿ ಉಪಾಧ್ಯಾಯರು ಶಿಷ್ಯರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಹಾಡಿಸುತ್ತಿದ್ದ ಪದ್ಧತಿಯೂ ಆಂಧ್ರದಲ್ಲಿತ್ತು. ಗುರುಗಳಿಗೆ ದಕ್ಷಿಣೆ, ಮಕ್ಕಳಿಗೆ ಹುರಿಗಡಲೆ ಬೆಲ್ಲ. ಹಳೆಯ ಮೈಸೂರು ಸೀಮೆಯ ಕೂಲಿಮಠಗಳ ಮಹಾನವಮಿಯ ಚೌಪದವನ್ನು ಕೇಳಿ ಬಲ್ಲವರಿಗೆ ಇದರ ಸ್ವರೂಪ ತಿಳಿದೇ ಇದೆ.

ಈ ಹಣ ಬಹುಪಾಲು ಮನೆಗಳಲ್ಲಿ ಏನಾಗುತ್ತದೆ? "ಕೊಡು, ಜೋಪಾನವಾಗಿ ಇಟ್ಟಿರುತ್ತೇನೆ" ಎಂದು ತಾಯಿ ತೆಗೆದುಕೊಳ್ಳುತ್ತಾಳೆ. ತಿಂಗಳ ಕೊನೆಗೆ ಅದು ಹಾಲಿನವನ ಬಾಕಿಗೆ ಸಂದಾಯವಾಗುತ್ತದೆ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಆದರೆ ಮಗುವು ಕಲಿಯುವ ಪಾಠವೆಂದರೆ, ಉಳಿಸಲು ಕೊಟ್ಟ ಹಣ ಮರಳಿ ಬರುವುದಿಲ್ಲ ಎಂಬುದು. ಮುಂದೆ ಹಬ್ಬದ ಹಣ ಕೈಗೆ ಬಿದ್ದ ಕೂಡಲೇ ಅದು ಅಂಗಡಿಯತ್ತ ಓಡುವುದಕ್ಕೆ ಇದೇ ಕಾರಣ. ತೀರ ಅನಿವಾರ್ಯವಾಗಿ ಮಗುವಿನ ಹಣವನ್ನು ಬಳಸಬೇಕಾಗಿ ಬಂದಲ್ಲಿ ಅದನ್ನು ಸಾಲವೆಂದು ಹೇಳಿಯೇ ಪಡೆದು, ಹೇಳಿದ ದಿನ ಹಿಂದಿರುಗಿಸುವುದು ಉಚಿತ. ಸಾಲವನ್ನು ಹೇಗೆ ತೀರಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದು ದೊರೆಯಲಾರದು.

ಯಾವ ಕೆಲಸಕ್ಕೆ ಹಣ, ಯಾವುದಕ್ಕೆ ಇಲ್ಲ

ಮನೆಗೆಲಸಕ್ಕೆ ಮಕ್ಕಳಿಗೆ ಹಣ ಕೊಡಬೇಕೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿವೆ. ದುಡಿಮೆಗೂ ಹಣಕ್ಕೂ ಇರುವ ಸಂಬಂಧವನ್ನು ತೋರಿಸಲು ಇದೇ ನೇರವಾದ ದಾರಿ ಎನ್ನುವವರಿದ್ದಾರೆ. ಮನೆಯೆಂದರೆ ಕಾರ್ಖಾನೆಯಲ್ಲ, ಪ್ರತಿಯೊಂದಕ್ಕೂ ಕೂಲಿ ಕೇಳುವ ಮಗು ನಾಳೆ ಮುದುಕರಾದ ತಂದೆತಾಯಿಗಳಿಗೆ ನೀರು ಕೊಡಲೂ ಲೆಕ್ಕ ಹಾಕೀತು ಎಂದು ಅಂಜುವವರೂ ಇದ್ದಾರೆ. ಎರಡನೆಯ ಅಂಜಿಕೆಯಲ್ಲಿ ಹುರುಳಿಲ್ಲದಿಲ್ಲ.

"ಅಮ್ಮಾ, ತಟ್ಟೆ ತೊಳೆದರೆ ಎಷ್ಟು ಕೊಡುತ್ತೀ?" ಎಂದು ಮಗ ಕೇಳಿದಾಗ, "ಅನ್ನ ಬಡಿಸಿದ್ದಕ್ಕೆ ನೀನು ಎಷ್ಟು ಕೊಡುತ್ತೀಯೋ ಅಷ್ಟೇ ಕಣಪ್ಪಾ" ಎನ್ನುವ ತಾಯಿ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾಳೆ. ತಾನು ಉಂಡ ತಟ್ಟೆ, ತಾನು ಮಲಗಿದ ಹಾಸಿಗೆ, ತನ್ನ ಶಾಲೆಯ ಚೀಲ, ತನ್ನ ಬಟ್ಟೆ ಇವುಗಳ ಕೆಲಸಕ್ಕೆ ಹಣವಿಲ್ಲ. ಕುಡಿಯುವ ನೀರು ತುಂಬುವುದು, ಊಟಕ್ಕೆ ಎಲೆ ಅಥವಾ ತಟ್ಟೆ ಹಾಕುವುದು, ತಂಗಿಯನ್ನು ಶಾಲೆಯಿಂದ ಕರೆತರುವುದು ಮೊದಲಾದವು ಕುಟುಂಬದ ಪಾಲುಗಾರಿಕೆಯ ಕೆಲಸಗಳು, ಅವಕ್ಕೂ ಹಣವಿಲ್ಲ. ಇವೆರಡರ ಆಚೆಗೆ, ಹೊರಗಿನವರನ್ನು ಕರೆಸಿ ಕೂಲಿ ಕೊಟ್ಟು ಮಾಡಿಸಬೇಕಾಗಿದ್ದ ಅಥವಾ ವರ್ಷಕ್ಕೆ ಒಂದೆರಡು ಸಲ ಬರುವ ಶ್ರಮದ ಕೆಲಸಗಳಿಗೆ ಒಂದು ದರವನ್ನು ಮೊದಲೇ ಗೊತ್ತುಪಡಿಸಿ ಹಣ ಕೊಡಬಹುದು.

ಇಂತಹ ಕೆಲಸಗಳು ಊರಿನಿಂದ ಊರಿಗೆ ಬೇರೆ. ವಿಶಾಖಪಟ್ಟಣದಲ್ಲಿ ಕಡಲಿನ ಉಪ್ಪುಗಾಳಿಗೆ ಕಿಟಕಿಯ ಸರಳುಗಳು ಬೇಗ ತುಕ್ಕು ಹಿಡಿಯುತ್ತವೆ. ಅವನ್ನು ಉಜ್ಜಿ ಒರೆಸುವುದು ಹನ್ನೆರಡು ವರ್ಷದ ಮಗುವಿಗೆ ಒಂದು ಭಾನುವಾರದ ಕೆಲಸ. ವಿಜಯವಾಡದ ಬೇಸಿಗೆ ಹೆಸರಾದದ್ದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಆವಕಾಯಿ ಹಾಕುವ ಕಾಲಕ್ಕೆ ಮಾವಿನಕಾಯಿಗಳನ್ನು ತೊಳೆದು ಹನಿ ತೇವವೂ ಉಳಿಯದಂತೆ ಒರೆಸುವುದು, ಮಹಡಿಯ ಮೇಲೆ ಹರವಿದ ಸಂಡಿಗೆಯನ್ನು ಬೆಳಗಿನ ಹೊತ್ತು ಕಾಗೆಗಳಿಂದ ಕಾಯುವುದು, ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಇವೆಲ್ಲ ರಜೆಯಲ್ಲಿರುವ ಮಕ್ಕಳಿಗೆ ಒಗ್ಗುತ್ತವೆ. ಹಬ್ಬಕ್ಕೆ ಮುಂಚೆ ಫ್ಯಾನಿನ ರೆಕ್ಕೆ ಒರೆಸುವುದು, ಹಳೆಯ ಪತ್ರಿಕೆಗಳನ್ನು ಕಟ್ಟಿ ತೂಗಿಸಿ ರದ್ದಿಯವನಿಗೆ ಮಾರುವುದು ಎಲ್ಲ ಊರುಗಳಲ್ಲಿಯೂ ಉಂಟು. ರದ್ದಿಯ ಕೆಲಸವನ್ನು ಮಗುವಿಗೇ ವಹಿಸಿ, ಬಂದ ಹಣದಲ್ಲಿ ಒಂದು ಪಾಲನ್ನು ಕೊಡುವುದು ವಿಶೇಷವಾಗಿ ಪ್ರಯೋಜನಕರ. ಏಕೆಂದರೆ ತಕ್ಕಡಿಯ ಮುಳ್ಳನ್ನು ನೋಡುವ, ದರ ವಿಚಾರಿಸುವ, ಚಿಲ್ಲರೆ ಎಣಿಸಿಕೊಳ್ಳುವ ಅಭ್ಯಾಸಗಳು ಅದರಲ್ಲಿಯೇ ಸೇರಿವೆ.

ಒಪ್ಪಿಕೊಂಡ ಕೆಲಸ ಅರ್ಧಕ್ಕೆ ನಿಂತರೆ ಪೂರ್ತಿ ಹಣ ಕೊಡಬಾರದು. ಹಾಗೆಯೇ ಒಪ್ಪಿದ ಹಣವನ್ನು ಪಾಲಕರು ಮರುದಿನಕ್ಕೆ ಮುಂದೂಡಲೂಬಾರದು. ಅಂಕ ಕಡಿಮೆ ಬಂತೆಂದು ದುಡಿದ ಹಣವನ್ನು ತಡೆಹಿಡಿಯುವುದು ಅನ್ಯಾಯ.

ಇಲ್ಲಿ ಗಂಡು ಹೆಣ್ಣು ಮಕ್ಕಳ ವಿಚಾರವನ್ನು ಬಿಡಿಸಿ ಹೇಳಬೇಕಾಗಿದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಆರು ವರ್ಷಕ್ಕೆ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಹೀಗಿರುವಾಗ ಮಗಳು ದಿನವೂ ಮಾಡುವ ಕಸ ಮುಸುರೆ 'ಕರ್ತವ್ಯ'ವೆನಿಸಿ, ಮಗ ತಿಂಗಳಿಗೊಮ್ಮೆ ಸ್ಕೂಟರ್ ತೊಳೆದದ್ದು 'ಕೂಲಿಗೆ ಅರ್ಹ'ವೆನಿಸಿದರೆ, ಹಣದ ಪಾಠದ ಹೆಸರಿನಲ್ಲಿ ಮನೆಯು ತಾರತಮ್ಯದ ಪಾಠವನ್ನೇ ಕಲಿಸಿದಂತಾಯಿತು. ಹಣವಿಲ್ಲದ ಕೆಲಸಗಳನ್ನು ಇಬ್ಬರಿಗೂ ಸಮನಾಗಿ ಹಂಚಿದ ಮೇಲೆಯೇ ಹಣದ ಕೆಲಸಗಳನ್ನು ಆರಂಭಿಸಬೇಕು.

ಮನೆಗೆಲಸಕ್ಕೂ ಬಾಲಕಾರ್ಮಿಕ ಪದ್ಧತಿಗೂ ಇರುವ ಗೆರೆಯನ್ನು ಸಹ ಮರೆಯುವಂತಿಲ್ಲ. ದಕ್ಷಿಣ ಕನ್ನಡದ ಎಷ್ಟೋ ಬಾಲಕರು ಹಿಂದೆ ಪರವೂರಿನ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಬಳವನ್ನು ಯಜಮಾನರ ಬಳಿಯೇ ಬಿಟ್ಟು, ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಪಡೆಯುತ್ತಿದ್ದರು. ಅವರಲ್ಲಿ ಕೆಲವರು ಮುಂದೆ ದೊಡ್ಡ ಹೋಟೆಲುಗಳ ಮಾಲೀಕರಾದರೆಂಬುದು ನಿಜವಾದರೂ, ಶಾಲೆ ತಪ್ಪಿ ಅಲ್ಲಿಯೇ ಉಳಿದವರ ಸಂಖ್ಯೆ ದೊಡ್ಡದು. 1986ರ ಬಾಲಕಾರ್ಮಿಕ ಕಾಯಿದೆಯ ಮೇರೆಗೆ ಹೊರಡಿಸಿದ ಅಧಿಸೂಚನೆಯಿಂದ 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ ಮತ್ತು ಮನೆಯಾಳುಗಳಾಗಿ 14 ವರ್ಷದೊಳಗಿನವರನ್ನು ನೇಮಿಸುವುದು ನಿಷಿದ್ಧವಾಯಿತು. 2016ರ ತಿದ್ದುಪಡಿಯು ಈ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ, ಅಪಾಯವಿಲ್ಲದ ರೀತಿಯಲ್ಲಿ, ತನ್ನ ಕುಟುಂಬಕ್ಕೆ ಅಥವಾ ಕುಟುಂಬದ ಉದ್ಯಮಕ್ಕೆ ಮಗುವು ನೆರವಾಗಬಹುದು. ಅದಕ್ಕಿಂತ ಆಚೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ತಂದೆಯ ಅಂಗಡಿಯ ಗಲ್ಲಾದಲ್ಲಿ ಸಂಜೆ ಒಂದು ಗಂಟೆ ಕುಳಿತು ಚಿಲ್ಲರೆ ಎಣಿಸಿದರೆ ಅದು ಕಲಿಕೆ, ಆಳನ್ನು ಬಿಡಿಸಿ ಅವನ ಜಾಗಕ್ಕೆ ಮಗನನ್ನು ನಿಲ್ಲಿಸಿದರೆ ಅದು ದುಡಿಸಿಕೊಳ್ಳುವಿಕೆ.

ಮೂರು ಡಬ್ಬಿ, ಒಂದು ಪುಸ್ತಕ

ಕೆಲಸದ ಹಣವಲ್ಲದೆ, ವಾರಕ್ಕೊಮ್ಮೆ ಗೊತ್ತಾದ ದಿನ ಗೊತ್ತಾದ ಮೊತ್ತವನ್ನು ಕೈಖರ್ಚಿಗೆಂದು ಕೊಡುವುದು ಎಂಟು ಒಂಬತ್ತು ವರ್ಷದಿಂದ ಆರಂಭವಾಗಬಹುದು. ಮೊತ್ತವು ಮನೆಯ ಆದಾಯಕ್ಕೆ ತಕ್ಕಂತಿರಲಿ. ನೆರೆಮನೆಯವರು ಎಷ್ಟು ಕೊಡುತ್ತಾರೆಂಬುದು ಅಳತೆಯಾಗಬಾರದು. ಗಾಜುವಾಕದ ಒಂದು ನೌಕರ ಕುಟುಂಬವು ಹತ್ತು ವರ್ಷದ ಮಗಳಿಗೆ ವಾರಕ್ಕೆ 60 ರೂಪಾಯಿ ಕೊಡುತ್ತದೆಂದು ಭಾವಿಸೋಣ. ಅದರಲ್ಲಿ 30 ರೂಪಾಯಿ ಖರ್ಚಿನ ಡಬ್ಬಿಗೆ, 20 ಉಳಿತಾಯದ ಡಬ್ಬಿಗೆ, 10 ಕೊಡುಗೆಯ ಡಬ್ಬಿಗೆ. ಕೊಡುಗೆಯ ಡಬ್ಬಿಯಿಂದ ಗೆಳತಿಯ ಹುಟ್ಟುಹಬ್ಬದ ಉಡುಗೊರೆ, ದೇವಸ್ಥಾನದ ಹುಂಡಿ, ಕಷ್ಟದಲ್ಲಿರುವವರ ನೆರವು ಇವೆಲ್ಲ ನಡೆಯಬೇಕು. ವರ್ಷದ 52 ವಾರಗಳಲ್ಲಿ ಉಳಿತಾಯದ ಡಬ್ಬಿಯಲ್ಲಿ 1,040 ರೂಪಾಯಿ ಕೂಡುತ್ತದೆ. ಅದಕ್ಕೆ ರದ್ದಿಯ ಪಾಲು, ಬೇಸಿಗೆಯ ಕೆಲಸದ ಹಣ, ಹಬ್ಬದ ಕಾಸು ಸೇರಿದರೆ ಒಂದು ಅರ್ಥವತ್ತಾದ ಮೊತ್ತವೇ ಆಗುತ್ತದೆ.

ಜೊತೆಗೆ ಒಂದು ಸಣ್ಣ ಲೆಕ್ಕದ ಪುಸ್ತಕ ಬೇಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ಪುಸ್ತಕದ ಶಿಲ್ಕೂ ಡಬ್ಬಿಯ ಹಣವೂ ತಾಳೆಯಾಗಬೇಕು. ಐದು ರೂಪಾಯಿ ತಾಳೆಯಾಗದಿದ್ದರೆ ಗದರಿಸುವ ಅಗತ್ಯವಿಲ್ಲ, 'ಲೆಕ್ಕಕ್ಕೆ ಸಿಗದ್ದು' ಎಂದು ಬರೆದರೆ ಸಾಕು. ಆ ಸಾಲು ಪದೇ ಪದೇ ಬರುತ್ತಿದ್ದರೆ ಮಗುವೇ ಎಚ್ಚೆತ್ತುಕೊಳ್ಳುತ್ತದೆ. ಖರ್ಚಿನ ಡಬ್ಬಿಯ ಮೂವತ್ತು ರೂಪಾಯಿಯನ್ನು ಸೋಮವಾರವೇ ತೀರಿಸಿ ಗುರುವಾರ ಪೆಚ್ಚುಮೋರೆ ಹಾಕಿ ನಿಂತ ಮಗುವಿಗೆ ಮುಂಗಡ ಕೊಡಬಾರದು. ಮೂವತ್ತು ರೂಪಾಯಿಯ ತಪ್ಪನ್ನು ಹತ್ತನೆಯ ವಯಸ್ಸಿನಲ್ಲಿ ಮಾಡಿ ಮುಗಿಸುವುದು ಅಗ್ಗ.

ಉಳಿತಾಯಕ್ಕೆ ಒಂದು ಗುರಿ ಇರಬೇಕು, ಗುರಿಯು ಮಗುವಿನದೇ ಆಗಿರಬೇಕು. ವಿಜಯವಾಡದಲ್ಲಿ ಪ್ರತಿ ವರ್ಷ ಜನವರಿಯ ಆರಂಭದಲ್ಲಿ ದೊಡ್ಡ ಪುಸ್ತಕ ಪ್ರದರ್ಶನ ನಡೆಯುತ್ತದೆ. ಆರು ತಿಂಗಳು ಕೂಡಿಟ್ಟು ಅಲ್ಲಿ ತಾನೇ ಆರಿಸಿದ ಪುಸ್ತಕವನ್ನು ಕೊಳ್ಳುವುದು ಒಂದು ಗುರಿ. ನಗರದ ಸಮೀಪದ ಕೊಂಡಪಲ್ಲಿಯ ಮರದ ಗೊಂಬೆಗಳನ್ನು ದಸರೆಯ ಗೊಂಬೆ ಕೂರಿಸುವುದಕ್ಕೆ ವರ್ಷಕ್ಕೊಂದರಂತೆ ಕೊಳ್ಳುವುದು ಇನ್ನೊಂದು. ವಿಶಾಖಪಟ್ಟಣದವರಿಗೆ ಏಟಿಕೊಪ್ಪಾಕದ ಅರಗಿನ ಬಣ್ಣದ ಆಟಿಕೆಗಳು ಹತ್ತಿರ. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರವೇ ಅಲ್ಲಿಯ ಅಂಕುಡು ಮರ. ಬೆಲೆ ಕೇಳಿ, ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು, ಇನ್ನೆಷ್ಟು ವಾರ ಬೇಕೆಂದು ಭಾಗಿಸಿ ನೋಡುವುದರಲ್ಲಿ ಮಗುವಿಗೆ ಒಂದು ಬಗೆಯ ಆಟದ ಸುಖವೇ ಇದೆ.

ಮಾರುಕಟ್ಟೆಯಲ್ಲಿ ಒಂದು ಗಂಟೆ

ಆಂಧ್ರಪ್ರದೇಶದಲ್ಲಿ 1999ರ ಜನವರಿಯಲ್ಲಿ ರೈತು ಬಜಾರುಗಳು ಆರಂಭವಾದವು. ರೈತರು ನೇರವಾಗಿ ಗ್ರಾಹಕರಿಗೆ ಮಾರುವ ಈ ಮಾರುಕಟ್ಟೆಗಳಲ್ಲಿ ಅಂದಂದಿನ ದರಗಳನ್ನು ಫಲಕದಲ್ಲಿ ಬರೆದು ಪ್ರದರ್ಶಿಸುತ್ತಾರೆ. ಎರಡೂ ನಗರಗಳಲ್ಲಿ ಇಂತಹ ಬಜಾರುಗಳಿವೆ. ಮಗುವಿನ ಕೈಗೆ 200 ರೂಪಾಯಿಯನ್ನೂ ನಾಲ್ಕು ತರಕಾರಿಗಳ ಪಟ್ಟಿಯನ್ನೂ ಕೊಟ್ಟು, ಫಲಕವನ್ನು ಓದಿ ಕೊಂಡು ತರಲು ಹೇಳಬೇಕು. ಹಿರಿಯರು ಹತ್ತು ಹೆಜ್ಜೆ ಹಿಂದೆ ನಿಂತರೆ ಸಾಕು. ತೆಲುಗಿನಲ್ಲಿ ವ್ಯವಹರಿಸಬೇಕಾದ ಕನ್ನಡದ ಮಗುವಿಗೆ ಇದು ಭಾಷೆಯ ಪಾಠವೂ ಹೌದು. ಕಳೆದ ವಾರಕ್ಕಿಂತ ಟೊಮೇಟೊ ಬೆಲೆ ಏಕೆ ಏರಿದೆ ಎಂದು ಅದು ಕೇಳಿದ ದಿನ ಮಳೆ, ಬೆಳೆ, ಸಾಗಣೆಗಳ ಅರ್ಥಶಾಸ್ತ್ರವು ತಾನಾಗಿ ಆರಂಭವಾಗುತ್ತದೆ.

ಬಾಗಿಲಿಗೆ ಬರುವ ಇಬ್ಬರು

1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆ ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆಯಷ್ಟು ಕಿರುಮೊತ್ತವನ್ನೂ ಸ್ವೀಕರಿಸಿ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಡಾ. ಟಿ. ಎಂ. ಎ. ಪೈ ಮತ್ತು ಅವರ ಸಹಸ್ಥಾಪಕರು ಕಂಡುಕೊಂಡ ಸತ್ಯವೆಂದರೆ, ಬಡವನು ಉಳಿಸಲಾರ ಎಂಬುದು ತಪ್ಪು. ಉಳಿಸಲು ಅವನಿಗೆ ಹತ್ತಿರದ ಜಾಗವಿರಲಿಲ್ಲ, ಅಷ್ಟೆ. ಆಂಧ್ರದ ಕರಾವಳಿಯಲ್ಲಿಯೂ ಇಂತಹದೇ ಪ್ರಯತ್ನವಾಗಿ ಡಾ. ಭೋಗರಾಜು ಪಟ್ಟಾಭಿ ಸೀತಾರಾಮಯ್ಯನವರು 1923ರಲ್ಲಿ ಮಚಲಿಪಟ್ಟಣದಲ್ಲಿ ಆಂಧ್ರ ಬ್ಯಾಂಕನ್ನು ಸ್ಥಾಪಿಸಿದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಆಂಧ್ರ ಬ್ಯಾಂಕು ಹಾಗೂ ಉಡುಪಿಯದೇ ಆದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು.

ಅದೇ ಬೀದಿಗೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಇನ್ನೊಬ್ಬನೂ ಬರುತ್ತಾನೆ. ಅವನು ದಿನವಹಿ ಸಾಲದ ಕಂತು ವಸೂಲಿ ಮಾಡುವವನು. ಒಬ್ಬನು ದಿನಕ್ಕೆ ನೂರು ರೂಪಾಯಿ ತೆಗೆದುಕೊಂಡು ಕೂಡಿಸುತ್ತಾನೆ, ಮತ್ತೊಬ್ಬನು ದಿನಕ್ಕೆ ನೂರು ರೂಪಾಯಿ ತೆಗೆದುಕೊಂಡು ಕಳೆಯುತ್ತಾನೆ. ಇವರಿಬ್ಬರ ನಡುವಿನ ಅಂತರವನ್ನು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಲೆಕ್ಕ ಹಾಕಿ ತೋರಿಸಬೇಕು.

9,000 ರೂಪಾಯಿ ಕೈಗೆ ಕೊಟ್ಟು, ದಿನಕ್ಕೆ 100ರಂತೆ 100 ದಿನ, ಒಟ್ಟು 10,000 ರೂಪಾಯಿ ವಸೂಲಿ ಮಾಡುವ ಸಾಲವನ್ನು ತೆಗೆದುಕೊಳ್ಳೋಣ. ಸಾವಿರ ರೂಪಾಯಿ ಬಡ್ಡಿ ಎಂದರೆ ಅಷ್ಟೇನೂ ಹೆಚ್ಚಲ್ಲ ಎನಿಸುತ್ತದೆ. ಆದರೆ ಅಸಲು ಮೊದಲ ದಿನದಿಂದಲೇ ತೀರುತ್ತಾ ಬರುವುದರಿಂದ ಸಾಲಗಾರನ ಬಳಿ ಸರಾಸರಿಯಾಗಿ ಉಳಿದಿರುವುದು ಸುಮಾರು ನಾಲ್ಕೂವರೆ ಸಾವಿರ ಮಾತ್ರ. ಅದೂ ಮೂರು ತಿಂಗಳು ಹತ್ತು ದಿನಕ್ಕೆ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ಶೇಕಡಾ 75ನ್ನೂ ಮೀರುತ್ತದೆ. 'ಮೂರು ರೂಪಾಯಿ ಬಡ್ಡಿ' ಎಂಬ ಬಳಕೆಯೂ ಹೀಗೆಯೇ ಕಿವಿಗೆ ಹಗುರ. ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ಖಾಸಗಿ ಸಾಲದ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಹೇಳುವುದು ವಾಡಿಕೆ. ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇಕಡಾ 36. ಬ್ಯಾಂಕಿನ ದರವನ್ನು ವರ್ಷದ ಲೆಕ್ಕದಲ್ಲಿ ಹೇಳುವುದರಿಂದ 'ಬ್ಯಾಂಕಿನಲ್ಲಿ ಹತ್ತು, ಇಲ್ಲಿ ಮೂರೇ' ಎಂದು ನಂಬಿ ಮೋಸಹೋಗುವವರು ಇಂದಿಗೂ ಇದ್ದಾರೆ.

ಇವು ಕೇವಲ ಕಾಗದದ ಲೆಕ್ಕಗಳಲ್ಲ. ವಿಜಯವಾಡ ಸೇರಿದ್ದ ಕೃಷ್ಣಾ ಜಿಲ್ಲೆಯಲ್ಲಿ ವಸೂಲಿಯ ಕ್ರಮದ ಬಗ್ಗೆ ದೂರುಗಳು ಬಂದ ಕಾರಣ 2006ರಲ್ಲಿ ಜಿಲ್ಲಾಡಳಿತವು ಕಿರುಸಾಲ ಸಂಸ್ಥೆಗಳ ಹಲವು ಶಾಖೆಗಳನ್ನು ಮುಚ್ಚಿಸಿತು. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರವು ಕಿರುಸಾಲದ ವಸೂಲಿಯನ್ನು ನಿಯಂತ್ರಿಸಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. 2015ರ ಡಿಸೆಂಬರಿನಲ್ಲಿ ವಿಜಯವಾಡದಲ್ಲಿ 'ಕಾಲ್ ಮನಿ' ಎಂಬ ಹೆಸರಿನ ಅತಿಬಡ್ಡಿಯ ಸಾಲ ಮತ್ತು ಅದರ ವಸೂಲಿಯ ದೌರ್ಜನ್ಯಗಳು ಬೆಳಕಿಗೆ ಬಂದವು.

ಉಳಿತಾಯದ ಹೆಸರಿನಲ್ಲಿ ನಡೆದ ಮೋಸವು ಇನ್ನೂ ದೊಡ್ಡದು. ವಿಜಯವಾಡವನ್ನು ಕೇಂದ್ರವಾಗಿಸಿಕೊಂಡಿದ್ದ ಅಗ್ರಿಗೋಲ್ಡ್ ಸಮೂಹವು ನಿವೇಶನ ಅಥವಾ ಹೆಚ್ಚಿನ ಪ್ರತಿಫಲದ ಭರವಸೆಯ ಮೇಲೆ ಆಂಧ್ರ, ತೆಲಂಗಾಣ, ಕರ್ನಾಟಕ ಮತ್ತಿತರ ರಾಜ್ಯಗಳ ಸುಮಾರು 32 ಲಕ್ಷ ಖಾತೆದಾರರಿಂದ 6,000 ಕೋಟಿ ರೂಪಾಯಿಗೂ ಮಿಕ್ಕ ಹಣ ಸಂಗ್ರಹಿಸಿತೆಂದು ತನಿಖಾ ಸಂಸ್ಥೆಗಳು ಹೇಳಿವೆ. ಹಣ ಸಂಗ್ರಹಕ್ಕೆ ಬಂದವರು ಕಮಿಷನ್ನಿಗಾಗಿ ದುಡಿಯುವ ಏಜೆಂಟರು. ಪರಿಚಿತ ಮುಖವನ್ನು ನೋಡಿ ಜನ ನಂಬಿದರು. ಆದುದರಿಂದ ಮಕ್ಕಳಿಗೆ 'ಉಳಿಸು' ಎಂದಷ್ಟೇ ಹೇಳಿದರೆ ಪಾಠ ಅರ್ಧವಾಗುತ್ತದೆ. ಎಲ್ಲಿ ಇಡಬೇಕು, ಯಾರು ಅದಕ್ಕೆ ಹೊಣೆ, ಬ್ಯಾಂಕಿಗಿಂತ ಇಮ್ಮಡಿ ಬಡ್ಡಿ ಕೊಡುವವನಿಗೆ ಆ ಹಣ ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವೂ ಬರಬೇಕು. ಬ್ಯಾಂಕು ಮುಳುಗಿದರೆ ಪ್ರತಿ ಠೇವಣಿದಾರನಿಗೆ ಆ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ 2020ರ ಫೆಬ್ರವರಿಯಿಂದ ಇದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯಿದೆಯು ನಿಷೇಧಿಸಿದೆ.

ಮಗುವಿನ ಹೆಸರಿನಲ್ಲಿ ಖಾತೆ

ಡಬ್ಬಿಯಲ್ಲಿ 500 ರೂಪಾಯಿ ಕೂಡಿದ ಮೇಲೆ ಅದನ್ನು ಅಂಚೆ ಕಚೇರಿಗೆ ಅಥವಾ ಬ್ಯಾಂಕಿಗೆ ಒಯ್ಯಬಹುದು. ಅಂಚೆ ಕಚೇರಿಯಲ್ಲಿ ಹತ್ತು ವರ್ಷ ತುಂಬಿದ ಮಗುವು ತನ್ನ ಹೆಸರಿನಲ್ಲಿಯೇ ಉಳಿತಾಯ ಖಾತೆಯನ್ನು ತೆರೆದು ನಡೆಸಬಹುದು. ಬ್ಯಾಂಕುಗಳಲ್ಲಿಯೂ ಹತ್ತು ವರ್ಷಕ್ಕೆ ಮೇಲ್ಪಟ್ಟವರು ಸ್ವತಂತ್ರವಾಗಿ ಖಾತೆ ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲಿ ಅವಕಾಶ ನೀಡಿತು. 2025ರ ಏಪ್ರಿಲಿನಲ್ಲಿ ಈ ನಿಯಮಗಳನ್ನು ಪರಿಷ್ಕರಿಸಿತು. ಎಷ್ಟು ಮೊತ್ತದವರೆಗೆ, ಯಾವ ಸೌಲಭ್ಯಗಳೊಡನೆ ಎಂಬುದನ್ನು ಆಯಾ ಬ್ಯಾಂಕುಗಳು ನಿರ್ಧರಿಸುತ್ತವೆ. ಅಪ್ರಾಪ್ತರ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚಿನ ಹಣ ತೆಗೆಯಲು ಅವಕಾಶವಿಲ್ಲ. ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳಿಗಾಗಿ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಪಾಲಕರು ವರ್ಷಕ್ಕೆ ಕನಿಷ್ಠ 250 ರೂಪಾಯಿಯಿಂದ ನಡೆಸಬಹುದು.

ಚೀಟಿಯನ್ನು ತುಂಬುವುದು, ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳುವುದು, ಸಾಲಿನಲ್ಲಿ ನಿಲ್ಲುವುದು ಇವನ್ನೆಲ್ಲ ಮಗುವೇ ಮಾಡಲಿ. 1970ರ ದಶಕದಿಂದ ಅನೇಕ ಶಾಲೆಗಳಲ್ಲಿ ನಡೆದ 'ಸಂಚಯಿಕಾ' ಯೋಜನೆಯ ಸೊಗಸೇ ಇದಾಗಿತ್ತು. ಆ ಶಾಲಾ ಉಳಿತಾಯ ಬ್ಯಾಂಕಿನಲ್ಲಿ ವಿದ್ಯಾರ್ಥಿಗಳೇ ವ್ಯವಸ್ಥಾಪಕರು, ವಿದ್ಯಾರ್ಥಿಗಳೇ ಗುಮಾಸ್ತರು. ಸಾವಿರ ರೂಪಾಯಿಗೆ ಉಳಿತಾಯ ಖಾತೆಯಲ್ಲಿ ವರ್ಷಕ್ಕೆ ಬರುವ ಬಡ್ಡಿ ಅತ್ಯಲ್ಪವೆಂಬುದನ್ನು ಮಗುವಿನಿಂದ ಮುಚ್ಚಿಡಬೇಕಾಗಿಲ್ಲ. ಅದೇ ಸಾವಿರವನ್ನು ಮೂರು ರೂಪಾಯಿ ಬಡ್ಡಿಗೆ ಸಾಲ ತಂದಿದ್ದರೆ 360 ರೂಪಾಯಿ ಕೈಬಿಡುತ್ತಿತ್ತು ಎಂದು ಪಕ್ಕದಲ್ಲಿ ಬರೆದು ತೋರಿಸಿದರೆ ಉಳಿತಾಯದ ಲಾಭ ಎಲ್ಲಿದೆಯೆಂಬುದು ತಿಳಿಯುತ್ತದೆ.

ಕಾಣದ ಹಣ

ನಾಣ್ಯಗಳು ಮನೆಯಿಂದ ಮರೆಯಾಗುತ್ತಿವೆ. ನಾಲ್ಕಾಣೆಯ ನಾಣ್ಯವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಸೊಪ್ಪಿನವಳ ಬುಟ್ಟಿಯ ಮುಂದೆಯೂ ಸಂಕೇತಚಿತ್ರದ ಫಲಕ ನಿಂತಿದೆ. ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ತಂದೆಯು ಫೋನು ತೋರಿಸಿದೊಡನೆ ಸಾಮಾನು ಕೈಗೆ ಬರುವುದನ್ನು ಮಾತ್ರ ಕಂಡ ಮಗುವಿಗೆ ಹಣವು ತೀರುವ ವಸ್ತು ಎಂಬುದೇ ತಿಳಿಯುವುದಿಲ್ಲ. ಕೈಖರ್ಚನ್ನು ಹನ್ನೆರಡು ವರ್ಷದವರೆಗಾದರೂ ನೋಟು ನಾಣ್ಯಗಳಲ್ಲಿಯೇ ಕೊಡುವುದು ಮೇಲು. ಫೋನಿನಿಂದ ಕೊಟ್ಟ ಹಣವನ್ನು ಅಂದೇ ಸಂಜೆ ಲೆಕ್ಕದ ಪುಸ್ತಕಕ್ಕೆ ಏರಿಸುವ ಕೆಲಸವನ್ನು ದೊಡ್ಡ ಮಕ್ಕಳಿಗೆ ವಹಿಸಬಹುದು.

ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬಾರದೆಂಬುದನ್ನು ಮನೆಯ ವಿಳಾಸ ಕಲಿಸುವ ಕಾಲದಲ್ಲಿಯೇ ಕಲಿಸಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಆಂಧ್ರಪ್ರದೇಶವು 2020ರಲ್ಲಿಯೂ, ಕೇಂದ್ರ ಸರ್ಕಾರವು 2025ರ ಕಾಯಿದೆಯಿಂದ ದೇಶದಾದ್ಯಂತವೂ ನಿಷೇಧಿಸಿವೆ. ವಂಚನೆ ನಡೆದಲ್ಲಿ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು; ಬೈಗುಳಕ್ಕೆ ಹೆದರಿ ಮಗುವು ಒಂದು ದಿನ ಸುಮ್ಮನಿದ್ದರೆ ಹಣ ಮರಳಿ ಸಿಗುವ ಸಂಭವ ಕಡಿಮೆಯಾಗುತ್ತದೆ. ಆದುದರಿಂದ ಹಣ ಕಳೆದುಕೊಂಡ ವಿಷಯವನ್ನು ಹೇಳಿದ ಮಗುವಿಗೆ ಮೊದಲು ಪೆಟ್ಟು ಕೊಡದಿರುವುದು ವ್ಯವಹಾರದ ದೃಷ್ಟಿಯಿಂದಲೂ ಸರಿ.

ಆಪತ್ತಿನ ಹಣ

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ದಿನಗಟ್ಟಲೆ ವಿದ್ಯುತ್ ಇರಲಿಲ್ಲ, ದೂರವಾಣಿ ಇರಲಿಲ್ಲ, ಎಟಿಎಂಗಳು ನಿಂತುಹೋದವು. ಹಾಲು ಮತ್ತು ಕುಡಿಯುವ ನೀರು ದುಬಾರಿ ಬೆಲೆಗೆ ಮಾರಾಟವಾದವು. ಖಾತೆಯಲ್ಲಿ ಲಕ್ಷವಿದ್ದವರಿಗೂ ಆ ಹೊತ್ತಿಗೆ ಬೇಕಾಗಿದ್ದದ್ದು ಕೈಯಲ್ಲಿನ ಹತ್ತು, ಐವತ್ತರ ನೋಟುಗಳು. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಹಳ್ಳವು ಉಕ್ಕಿ ವಿಜಯವಾಡದ ಸಿಂಗ್‌ನಗರ ಮೊದಲಾದ ಬಡಾವಣೆಗಳು ಮುಳುಗಿದವು. ಅದೇ ದಿನಗಳಲ್ಲಿ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸಿಗೂ ಅಧಿಕ ನೀರು ಹರಿಯಿತು. ನೆಲಮಾಳಿಗೆಯ ಮನೆಗಳಲ್ಲಿ ಹಾಸಿಗೆ, ಅಕ್ಕಿ, ಫ್ರಿಜ್ಜು, ಮಕ್ಕಳ ಪುಸ್ತಕಗಳು ಎಲ್ಲವೂ ಕೆಸರಾದವು.

ಇಂತಹ ಅನುಭವಗಳಿಂದ ಮಕ್ಕಳನ್ನು ದೂರವಿಡುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಮನೆಯಲ್ಲಿ ಒಂದು ಆಪತ್ತಿನ ನಿಧಿಯನ್ನು ಕಟ್ಟುವಾಗ ಅವರ ಡಬ್ಬಿಯಿಂದಲೂ ತಿಂಗಳಿಗೆ ಐದು ರೂಪಾಯಿ ಸೇರಲಿ. ಒಂದು ವಾರದ ಹಾಲು, ಅಕ್ಕಿ, ಔಷಧ, ಬಸ್ಸಿನ ಖರ್ಚು ಎಷ್ಟಾಗುತ್ತದೆಂದು ಅವರಿಂದಲೇ ಲೆಕ್ಕ ಹಾಕಿಸಬಹುದು. ಆ ಹಣವನ್ನು ಸಣ್ಣ ನೋಟುಗಳಲ್ಲಿ, ಪಾಸ್ ಪುಸ್ತಕ ಮತ್ತು ಗುರುತಿನ ಚೀಟಿಗಳ ಪ್ರತಿಗಳೊಡನೆ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಬೇಕು. ಅದು ಎಲ್ಲಿದೆಯೆಂಬುದು ಮನೆಯ ದೊಡ್ಡ ಮಗುವಿಗೆ ತಿಳಿದಿರಬೇಕು. ಅದರಿಂದ ತೆಗೆದ ಹಣವನ್ನು, ತೆಗೆದವರು ತಂದೆಯೇ ಆಗಿದ್ದರೂ, ಅದೇ ಚೀಲದಲ್ಲಿರುವ ಕಾಗದದ ಮೇಲೆ ತಾರೀಖು ಸಹಿತ ಬರೆದಿಡತಕ್ಕದ್ದು.